ಮನೆ ಮಾರಿದ ದುಡ್ಡು ನಮ್ಮದೇ ಅಲ್ವಾ?

ಸಂಪಾದಕರಿಗೆ ನಮಸ್ಕಾರ,

ಮೈಸೂರಿನ ವಿಜಯನಗರದಲ್ಲಿದ್ದ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟನ್ನು 2024ರಲ್ಲಿ ಮಾರಿ ದಾವಣಗೆರೆಗೆ ಬಂದೆವು. ಅಮ್ಮನಿಗೆ ವಯಸ್ಸಾಗಿದೆ, ಒಬ್ಬರೇ ಇರೋಕೆ ಆಗುತ್ತಿರಲಿಲ್ಲ. ಫ್ಲ್ಯಾಟಿನ ಮೇಲೆ ಸಾಲ ಇತ್ತು, ಅದು ತೀರದೆ ಮೂಲ ಪತ್ರಗಳು ಕೈಗೆ ಬರುವುದಿಲ್ಲ. ಹಾಗಾಗಿ ಸಾಲ ಕೊಟ್ಟ ಹೌಸಿಂಗ್ ಫೈನಾನ್ಸ್ ಕಂಪನಿಗೆ ಹೋಗಿ ಫೋರ್‌ಕ್ಲೋಷರ್ ಲೆಟರ್, ಅಂದರೆ ಸಾಲ ಪೂರ್ತಿ ತೀರಿಸಲು ಎಷ್ಟು ಕಟ್ಟಬೇಕು ಅನ್ನುವ ಪತ್ರ, ಕೇಳಿದೆ.

ಕೊಟ್ಟರು. ಬಾಕಿ ಅಸಲು 34 ಲಕ್ಷ. ಅದರ ಕೆಳಗೆ ಆ ತಿಂಗಳ ಬಡ್ಡಿ. ಅದರ ಕೆಳಗೆ ಇನ್ನೊಂದು ಸಾಲು, ಅವಧಿಗೆ ಮುಂಚೆ ತೀರಿಸುವುದಕ್ಕೆ ಶೇ 2 ಶುಲ್ಕ, 68,000. ಅದರ ಮೇಲೆ ಜಿಎಸ್‌ಟಿ 12,240. ಒಟ್ಟು 80,240 ರೂಪಾಯಿ, ಬರೀ ಸಾಲ ಬೇಗ ತೀರಿಸಿದ್ದಕ್ಕೆ! ಮನೆ ಸಾಗಿಸುವ ಲಾರಿ, ಹಮಾಲಿ, ಹೊಸ ಮನೆಯ ಮುಂಗಡ ಎಲ್ಲ ಲೆಕ್ಕ ಹಾಕಿಕೊಂಡಿದ್ದೆವು, ಇದೊಂದು ಲೆಕ್ಕದಲ್ಲೇ ಇರಲಿಲ್ಲ.

ಹೋಂ ಲೋನಿಗೆ ಇಂಥ ಶುಲ್ಕ ಇಲ್ಲ ಅಂತ ನಾವೆಲ್ಲ ಕೇಳಿದ್ದೇವೆ. ಅದು ನಿಜ, ಆದರೆ ಫ್ಲೋಟಿಂಗ್, ಅಂದರೆ ಆಗಾಗ ಬದಲಾಗುವ ಬಡ್ಡಿಯ ಸಾಲಕ್ಕೆ. ಬ್ಯಾಂಕುಗಳು ಅದನ್ನು ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ನನ್ನದು ಮೊದಲ ಮೂರು ವರ್ಷ ಫಿಕ್ಸೆಡ್ (ಬಡ್ಡಿ ಬದಲಾಗುವುದಿಲ್ಲ), ಆಮೇಲೆ ಫ್ಲೋಟಿಂಗ್ ಆಗುವ ಸಾಲ. ಇಂಥ ಸಾಲದಲ್ಲಿ ತೀರಿಸುವ ದಿನ ಬಡ್ಡಿ ಯಾವುದಿದೆ ಅನ್ನುವುದೇ ಲೆಕ್ಕಕ್ಕೆ ಬರುತ್ತದೆ. ನನಗೆ ಫಿಕ್ಸೆಡ್ ಅವಧಿ ಮುಗಿಯಲು ಇನ್ನೂ ಎಂಟು ತಿಂಗಳಿತ್ತು. ಅಮ್ಮನನ್ನು ಎಂಟು ತಿಂಗಳು ಕಾಯಿರಿ ಅನ್ನೋಕಾಗುತ್ತಾ?

ಫಿಕ್ಸೆಡ್ ಇದ್ದರೂ ಇನ್ನೊಂದು ನಿಯಮ ಇತ್ತು, ಅದು ನನಗೆ ಗೊತ್ತಾಗಿದ್ದು ತಡವಾಗಿ. ಹೌಸಿಂಗ್ ಫೈನಾನ್ಸ್ ಕಂಪನಿಗಳನ್ನು ಆಗ ನಿಯಂತ್ರಿಸುತ್ತಿದ್ದ ನ್ಯಾಷನಲ್ ಹೌಸಿಂಗ್ ಬ್ಯಾಂಕ್ 2011ರಲ್ಲಿ ಅವುಗಳಿಗೆ ಹೇಳಿದ್ದೇನೆಂದರೆ, ಸಾಲಗಾರ ಸ್ವಂತ ಹಣದಿಂದ ತೀರಿಸಿದರೆ ಫಿಕ್ಸೆಡ್ ಸಾಲಕ್ಕೂ ಶುಲ್ಕ ಹಾಕುವಂತಿಲ್ಲ. ಸ್ವಂತ ಹಣ ಅಂದರೆ ಇನ್ನೊಂದು ಬ್ಯಾಂಕಿನಿಂದಲೋ ಹಣಕಾಸು ಸಂಸ್ಥೆಯಿಂದಲೋ ಸಾಲ ಮಾಡಿ ತಂದಿದ್ದು ಆಗಿರಬಾರದು, ಅಷ್ಟೇ. ಮನೆ ಮಾರಿ ಬಂದ ದುಡ್ಡು ನನ್ನ ಸ್ವಂತದ್ದೇ ಅಲ್ವಾ?

ಕೌಂಟರ್‌ನಲ್ಲಿದ್ದ ಹುಡುಗ ಅಲ್ಲ ಅಂದ. "ಸರ್, ಡಿಡಿ ಬೇರೆ ಬ್ಯಾಂಕಿಂದ ಬರ್ತಿದೆಯಲ್ಲ, ಸಿಸ್ಟಮ್ಮಲ್ಲಿ ಅದು ಟೇಕ್‌ಓವರ್ ಅಂತ ಹೋಗುತ್ತೆ." ಅಂದರೆ ನಾನೇ ಇನ್ನೊಂದು ಬ್ಯಾಂಕಿನಿಂದ ಸಾಲ ತಂದು ಇದನ್ನು ತೀರಿಸಿದ ಲೆಕ್ಕ.

ಇಡೀ ತೊಡಕು ಇರೋದು ಇಲ್ಲೇ. ಇವತ್ತು ಫ್ಲ್ಯಾಟ್ ಕೊಳ್ಳುವ ಎಷ್ಟೋ ಜನ ಸಾಲ ಮಾಡಿಯೇ ಕೊಳ್ಳುತ್ತಾರೆ. ಅವರ ಬ್ಯಾಂಕು ನಮ್ಮ ಕೈಗೆ ದುಡ್ಡು ಕೊಡುವುದಿಲ್ಲ, ಹಳೇ ಸಾಲದ ಬಾಕಿಗೆ ಸಮನಾದ ಡಿಡಿಯನ್ನು ನೇರವಾಗಿ ನಮ್ಮ ಸಾಲದಾತರ ಹೆಸರಿಗೇ ತೆಗೆಯುತ್ತದೆ. ಪತ್ರಗಳು ಭದ್ರವಾಗಿ ಕೈ ಬದಲಾಗಬೇಕಲ್ಲ, ಅದಕ್ಕೆ. ಆ ಸಾಲ ಕೊಂಡವರದ್ದು, ಕಂತು ಕಟ್ಟುವವರೂ ಅವರೇ. ನನ್ನ ಪಾಲಿಗೆ ಅದು ಮನೆಯ ಬೆಲೆ. ಕಡಿಮೆ ಬಡ್ಡಿಗೆ ಆಸೆಪಟ್ಟು ಸಾಲವನ್ನು ಇನ್ನೊಂದು ಬ್ಯಾಂಕಿಗೆ ಒಯ್ಯುವವನನ್ನೂ, ಊರೇ ಬಿಟ್ಟು ಹೋಗುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ನಾನು ಬಾಯಲ್ಲಿ ವಾದ ಮಾಡುವುದು ಬಿಟ್ಟು ಕಾಗದದಲ್ಲಿ ಬರೆದುಕೊಟ್ಟೆ. ನೋಂದಣಿಯಾದ ಕ್ರಯದ ಕರಾರಿನ ಪ್ರತಿ, ಕೊಳ್ಳುವವರ ಬ್ಯಾಂಕು ಅವರ ಹೆಸರಿಗೆ ಸಾಲ ಮಂಜೂರು ಮಾಡಿದ ಪತ್ರದ ಪ್ರತಿ, ಜೊತೆಗೆ ಆ ನಿಯಮದ ಪ್ರಿಂಟ್. ಶುಲ್ಕ ಯಾವ ನಿಯಮದಡಿ ಹಾಕಿದ್ದೀರಿ ಅಂತ ಲಿಖಿತವಾಗಿ ತಿಳಿಸಿ ಅಂದೆ, ಸ್ವೀಕೃತಿಯ ಸೀಲ್ ಹಾಕಿಸಿಕೊಂಡೆ. ಹನ್ನೊಂದನೇ ದಿನಕ್ಕೆ ಹೊಸ ಲೆಟರ್ ಬಂತು, ಆ ಎರಡು ಸಾಲು ಇರಲಿಲ್ಲ. ಅಷ್ಟರಲ್ಲಿ ಕೊಳ್ಳುವವರು ಎರಡು ಸಲ ಫೋನ್ ಮಾಡಿ, ಆಗುತ್ತೋ ಇಲ್ವೋ ಹೇಳಿಬಿಡಿ ಸರ್ ಅಂದಿದ್ದರು. ಆ ಹನ್ನೊಂದು ದಿನ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ.

ರಿಸರ್ವ್ ಬ್ಯಾಂಕ್ 2025ರ ಜುಲೈನಲ್ಲಿ ಹೊಸ ನಿರ್ದೇಶನ ಹೊರಡಿಸಿದೆ. 2026ರ ಜನವರಿ 1ರಿಂದ ಮಂಜೂರಾಗುವ ಅಥವಾ ನವೀಕರಣವಾಗುವ ಸಾಲಗಳಿಗೆ ಅದು ಅನ್ವಯ. ವ್ಯಾಪಾರಕ್ಕಲ್ಲದೆ ವ್ಯಕ್ತಿಗಳು ತೆಗೆದುಕೊಂಡ ಫ್ಲೋಟಿಂಗ್ ಸಾಲವನ್ನು ಎಲ್ಲಿಂದ ದುಡ್ಡು ತಂದು ತೀರಿಸಿದರೂ, ಎಷ್ಟು ಬೇಗ ತೀರಿಸಿದರೂ ಶುಲ್ಕ ಇಲ್ಲ. ಒಳ್ಳೇ ಕೆಲಸ, ಮನಸಾರೆ ಸ್ವಾಗತ. ಆದರೆ ಫಿಕ್ಸೆಡ್ ಅವಧಿಯಲ್ಲಿ ಮನೆ ಮಾರುವವರ ಗತಿ ಏನು? ಆ ಶುಲ್ಕವನ್ನು ಹೊಸ ನಿರ್ದೇಶನ ಸಾಲದಾತರ ಪಾಲಿಸಿಗೇ ಬಿಟ್ಟಿದೆ, ಹಾಗೆ ಬಿಡಬಾರದು. ಮನೆ ಮಾರಿ ಬೇರೆ ಕಡೆ ಹೋಗುವವರಿಗೆ ಶುಲ್ಕ ಇಲ್ಲ ಅಂತ ಒಂದು ಸಾಲು ಸೇರಿಸಲಿ, ಡಿಡಿ ಯಾರ ಬ್ಯಾಂಕಿನದಾದರೂ ಸರಿ.

ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗ ಹೇಳಿದ್ದು ಕೇಳಿ. ಅಲ್ಲಿ ಎರಡು ವರ್ಷ, ಐದು ವರ್ಷಕ್ಕೆ ಬಡ್ಡಿ ಫಿಕ್ಸ್ ಮಾಡಿಸಿಕೊಳ್ಳುವವರೇ ಜಾಸ್ತಿ, ಮಧ್ಯದಲ್ಲಿ ತೀರಿಸಿದರೆ ಸಾಮಾನ್ಯವಾಗಿ ಶೇ 1ರಿಂದ 5ರವರೆಗೆ ಶುಲ್ಕ. ಆದರೆ ಮನೆ ಬದಲಿಸುವವರು ಅದೇ ಸಾಲವನ್ನು, ಅದೇ ಬಡ್ಡಿಗೆ, ಹೊಸ ಮನೆಗೆ ಒಯ್ಯಲು ಅರ್ಜಿ ಹಾಕಬಹುದು. ಪೋರ್ಟ್ ಮಾಡೋದು ಅಂತಾರೆ. ಆದಾಯ, ಮನೆ ಎಲ್ಲ ಮತ್ತೆ ನೋಡುತ್ತಾರೆ, ಸಿಗಲೇಬೇಕು ಅಂತಿಲ್ಲ. ಆದರೂ ಒಂದು ದಾರಿಯಾದರೂ ಇದೆ. ನಮ್ಮಲ್ಲಿ ಮೊಬೈಲ್ ನಂಬರನ್ನು ಕಂಪನಿಯಿಂದ ಕಂಪನಿಗೆ ಒಯ್ಯಬಹುದು, ಸಾಲವನ್ನು ಮೈಸೂರಿನ ಮನೆಯಿಂದ ದಾವಣಗೆರೆ ಮನೆಗೆ ಒಯ್ಯುತ್ತೀರಾ ಅಂತ ನನ್ನನ್ನು ಒಬ್ಬರೂ ಕೇಳಲಿಲ್ಲ.

ಮಾರಿ ಹೋಗುವ ಯೋಚನೆಯಲ್ಲಿ ಇರುವವರಿಗೆ ಎರಡು ಮಾತು. ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು, ಸಾಲದಾತರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ, ಬಿಡಬೇಡಿ. ಇನ್ನೊಂದು, ಮನೆ ಕೈಗೆ ಬಂದ ಆರ್ಥಿಕ ವರ್ಷ ಮುಗಿದು ಐದು ವರ್ಷ ಆಗುವ ಮೊದಲೇ ಮಾರಿದರೆ, ಅಸಲಿನ ಕಂತಿಗೆ ಆದಾಯ ತೆರಿಗೆಯ 80ಸಿ ಸೆಕ್ಷನ್‌ನಲ್ಲಿ ಪಡೆದ ವಿನಾಯಿತಿ ಮಾರಿದ ವರ್ಷದ ಆದಾಯಕ್ಕೆ ಮತ್ತೆ ಸೇರುತ್ತದೆ. ನಾನು ಅದರ ತೆರಿಗೆ ಕಟ್ಟಿದೆ. ಅದು ಕಾನೂನು, ಆ ಬಗ್ಗೆ ನನ್ನ ತಕರಾರಿಲ್ಲ.

ನಾನು ಮೊದಲ ಸಲ ಹೋದ ದಿನ ಪಕ್ಕದ ಕುರ್ಚಿಯಲ್ಲಿ ಒಬ್ಬರು ನರ್ಸ್ ಕೂತಿದ್ದರು, ಕಲಬುರಗಿಗೆ ವರ್ಗಾವಣೆಯಾಗಿತ್ತಂತೆ. ಅವರದ್ದೂ ಇದೇ ಕಥೆ, ಫಿಕ್ಸೆಡ್ ಬಡ್ಡಿ, ಕೊಳ್ಳುವವರ ಬ್ಯಾಂಕಿನ ಡಿಡಿ. ಚೆಕ್‌ಬುಕ್ ತೆಗೆದು 46,000 ಬರೆದುಕೊಟ್ಟು ಹೋದರು. ತಡೆಯಲು ಆಗ ನನಗೂ ಏನೂ ಗೊತ್ತಿರಲಿಲ್ಲ. ನರ್ಸಮ್ಮಾ, ಇದು ನಿಮ್ಮ ಕಣ್ಣಿಗೆ ಬಿದ್ದರೆ ರಸೀದಿ ಹುಡುಕಿ, ಆ ಕಂಪನಿಗೆ ಬರವಣಿಗೆಯಲ್ಲಿ ವಾಪಸ್ ಕೇಳಿ. ಕೊಡದಿದ್ದರೆ ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ಗ್ರಿಡ್ಸ್ ಪೋರ್ಟಲ್‌ನಲ್ಲಿ ದೂರು ಹಾಕಿ.

– ಒಬ್ಬ ಓದುಗ, ದಾವಣಗೆರೆ