ವಾಸನೆ ಬರುವಷ್ಟರಲ್ಲಿ ತಡವಾಗಿರುತ್ತದೆ

ಮಾನ್ಯರೇ,

ನಮ್ಮ ಪಕ್ಕದ ಮನೆ ಹುಡುಗ ಔಷಧ ಕಾರ್ಖಾನೆಯೊಂದರಲ್ಲಿ ಡೈಕ್ಲೋರೋಮೀಥೇನ್ ಎಂಬ ರಾಸಾಯನಿಕ ದ್ರಾವಕದ ಡ್ರಮ್ ಖಾಲಿ ಮಾಡುತ್ತಾನೆ. ಕೆಲಸಗಾರರ ಬಾಯಲ್ಲಿ ಅದು ‘ಎಂಡಿಸಿ’. ಮೂಗಿಗೆ ಬರೀ ಕರವಸ್ತ್ರ. ಸಂಜೆ ತಲೆನೋವು, ತಲೆಸುತ್ತು. ‘ಬಿಸಲಿಗೆ ಹಂಗಾಗ್ತದ ಬಿಡ್ರಿ’ ಎನ್ನುತ್ತಾನೆ.

ಬಿಸಿಲೂ ಇದೆ ಅನ್ನಿ. ಆದರೆ ಈ ದ್ರವ ಸುಮಾರು 40 ಡಿಗ್ರಿಗೇ ಕುದಿಯುತ್ತದೆ. ಯಾದಗಿರಿಯ ಬೇಸಿಗೆಯಲ್ಲಿ ಅದಕ್ಕೆ ಒಲೆಯೇ ಬೇಡ. ಉಸಿರಲ್ಲಿ ಹೋದ ಆವಿ ಒಂದಷ್ಟು ದೇಹದೊಳಗೇ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವಾಗಿ ರಕ್ತದ ಆಮ್ಲಜನಕಕ್ಕೆ ಅಡ್ಡ ಬರುತ್ತದೆ. ವಾಸನೆ ಮೂಗಿಗೆ ಬಡಿಯುವಷ್ಟರಲ್ಲಿ ಸುರಕ್ಷಿತ ಮಿತಿ ದಾಟಿರುತ್ತದೆ.

ಕಾರ್ಖಾನೆಯವರು ವರ್ಷಕ್ಕೊಮ್ಮೆ ತೂಕ, ಬಿಪಿ ನೋಡಿ ‘ಫಿಟ್’ ಅಂತ ಬರೆಯುವುದು ಸುಮ್ನೆ ಕಾಗದ ತುಂಬಿಸಿದಂತೆ ಅಲ್ವಾ? ಕೆಲಸ ನಡೆಯುವಾಗಲೇ ಮೂಗಿನ ಹತ್ತಿರದ ಗಾಳಿಯಲ್ಲಿ ಈ ಆವಿ ಎಷ್ಟಿದೆ ಅಂತ ಅಳೆಯಲಿ. ಪಾಳಿ ಮುಗಿದ ಕೂಡಲೇ ಕಾರ್ಬನ್ ಮೊನಾಕ್ಸೈಡ್ ಎಷ್ಟು ಸೇರಿದೆ ಅಂತ ರಕ್ತ ಪರೀಕ್ಷೆಯಾಗಲಿ, ಗುತ್ತಿಗೆ ಹುಡುಗರಿಗೂ.

– ಒಬ್ಬ ಓದುಗ, ಯಾದಗಿರಿ