ಮನೆಗಳಿವೆ ಸ್ವಾಮಿ, ಬೀಗ ಹಾಕಿವೆ

ಮಾನ್ಯ ಪ್ರತಿನಿಧಿಗಳೇ,

ನಮ್ಮ ದ್ವೀಪದಲ್ಲಿ ಮನೆಗಳ ಕೊರತೆ ಇದೆ, ಪರಿಹಾರ ಹುಡುಕಲು ಸಮಿತಿ ಮಾಡುತ್ತೇವೆ ಅಂತ ಮೊನ್ನೆ ಸಭೆಯಲ್ಲಿ ಹೇಳಿದಿರಿ. ಚಪ್ಪಾಳೆಯೂ ಬಿತ್ತು. ಹಿಂದಿನ ಸಮಿತಿಯ ವರದಿ ಎಲ್ಲಿ ಹೋಯಿತು ಅಂತ ಯಾರೂ ಕೇಳಲಿಲ್ಲ. ಪ್ರವಾಸಿಗರ ಸೀಸನ್ ಮುಗಿದ ಮೇಲೆ ಒಂದು ಸಂಜೆ ದಂಡೆಯ ಬೀದಿಯಲ್ಲಿ ನಡೆದು ನೋಡಿ. ಸಾಲು ಸಾಲು ಮನೆ. ದೀಪ ಉರಿಯುವುದು ಅಲ್ಲೊಂದು ಇಲ್ಲೊಂದು. ಇದನ್ನು ಕೊರತೆ ಅಂತ ಹೇಗೆ ಕರೆಯುತ್ತೀರೋ ನನಗಂತೂ ಗೊತ್ತಿಲ್ಲ.

ನಾನು ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಪ್ರವಾಸಿಗರು ಬರುವ ಹೊತ್ತಿಗೆ ಬಾಡಿಗೆ ಮನೆ ಖಾಲಿ ಮಾಡಬೇಕು. ಅವರು ಹೋದ ಮೇಲೆ ಮತ್ತೆ ಮನೆ ಹುಡುಕಬೇಕು. ವರ್ಷಗಳಿಂದ ಹೀಗೇ ನಡೆದಿದೆ. ಸಹಿಸಿಕೊಂಡಿದ್ದೆ. ಆದರೆ ಕಳೆದ ಸೀಸನ್‌ನಲ್ಲಿ ಆದದ್ದು ಕೇಳಿ.

ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದೆ. ಬಾಗಿಲು ತೆರೆದ ಸದ್ದಾಯಿತು. ಎದ್ದು ಬಂದರೆ ಹಾಲ್‌ನಲ್ಲಿ ಒಂದು ಕುಟುಂಬ, ಸೂಟ್‌ಕೇಸ್ ಸಮೇತ. ಕೀ ಅವರ ಕೈಲಿ. "ನೀವು ಯಾರು?" ಅಂತ ನನ್ನನ್ನೇ ಕೇಳಿದರು! ಫೋನ್ ತೆಗೆದು ತೋರಿಸಿದರು. ನಾನು ಮಲಗುವ ಕೋಣೆಯ ಫೋಟೋ. ನನ್ನ ಹೊದಿಕೆ, ಕಿಟಕಿಯಲ್ಲಿ ನಾನೇ ನೀರು ಹಾಕಿ ಬೆಳೆಸಿದ ಗಿಡ. ಕೆಳಗೆ "ಸಮುದ್ರ ಕಾಣುವ ನೆಮ್ಮದಿಯ ಮನೆ" ಅಂತ ಬರೆದಿತ್ತು. ಮಾಲೀಕರಿಗೆ ಫೋನ್ ಮಾಡಿದೆ. "ತಾರೀಖು ಹೆಚ್ಚುಕಮ್ಮಿ ಆಗಿದೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು. ಅಡ್ಜಸ್ಟ್ ಮಾಡ್ಕೊಳ್ಳಬೇಕಾದವರು ಯಾರು? ಬಾಡಿಗೆ ಕಟ್ಟಿದ ನಾನು! ಬಂದವರದೇನೂ ತಪ್ಪಿಲ್ಲ ಬಿಡಿ, ಪಾಪ, ಅವರೇ ನಾಚಿಕೊಂಡು ಹೊರಗೆ ಹೋಗಿ ನಿಂತರು. ದೂರು ಕೊಡಲು ಹೋದರೆ "ಅದು ನಿಮ್ಮಿಬ್ಬರ ಖಾಸಗಿ ವ್ಯವಹಾರ" ಅಂತ ಉತ್ತರ ಬಂತು. ಅವತ್ತು ಆಸ್ಪತ್ರೆಯ ವಿಶ್ರಾಂತಿ ಕೋಣೆಯ ಬೆಂಚಿನ ಮೇಲೆ ಮಲಗಿದೆ. ಮರುದಿನ ಅದೇ ಬೆಂಚಿನಿಂದ ಎದ್ದು ಡ್ಯೂಟಿಗೆ ಹೋದೆ.

ನಾನು ಕೇಳುವುದು ಒಂದೇ. ಇಲ್ಲಿ ಮನೆ ಇಟ್ಟುಕೊಂಡವರು ಅದರಲ್ಲಿ ವಾಸ ಇರಲಿ. ಇಲ್ಲವೇ ವರ್ಷಪೂರ್ತಿ ಬಾಡಿಗೆಗೆ ಕೊಡಲಿ. ಅದನ್ನು ನಿಯಮ ಮಾಡಿ.

ಇದೇನು ನಾನು ಕನಸಿನಲ್ಲಿ ಕಂಡದ್ದಲ್ಲ. ಡೆನ್ಮಾರ್ಕ್‌ನಲ್ಲಿ ಜನ ವಾಸವಿದ್ದ ಮನೆಯನ್ನು ಸುಮ್ನೆ ಖಾಲಿ ಬಿಡದಂತೆ ತಡೆಯಲು ಊರಾಡಳಿತಕ್ಕೆ ಅಧಿಕಾರ ಇದೆ. ಗರ್ನ್ಸಿ ಅಂತ ಇಂಗ್ಲೆಂಡ್, ಫ್ರಾನ್ಸ್ ನಡುವೆ ಒಂದು ಚಿಕ್ಕ ದ್ವೀಪ. ಅಲ್ಲಿ ಸ್ಥಳೀಯರ ಮನೆಗಳೇ ಬೇರೆ, ಹೊರಗಿನವರು ಕೊಳ್ಳಬಹುದಾದ ಮನೆಗಳೇ ಬೇರೆ. ಸ್ಕಾಟ್ಲೆಂಡ್‌ನಲ್ಲಿ 2022ರಿಂದ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಮನೆ ಕೊಡಲು ಲೈಸೆನ್ಸ್ ಬೇಕು. 2024ರಿಂದ ಎರಡನೇ ಮನೆಗೆ ಅಲ್ಲಿನ ಕೌನ್ಸಿಲ್‌ಗಳು ದುಪ್ಪಟ್ಟು ತೆರಿಗೆ ಹಾಕಬಹುದು. ಇದೆಲ್ಲ ನಿಮಗೆ ಗೊತ್ತಿಲ್ಲ ಅಂತಲ್ಲ. ಅಧ್ಯಯನ ಪ್ರವಾಸ ಅಂತ ನೀವೇ ಹೋಗಿ ಬರುತ್ತೀರಲ್ಲ.

ಹೊಸ ಮನೆ ಕಟ್ಟುತ್ತೇವೆ ಅನ್ನುತ್ತೀರಿ. ಕಟ್ಟಿ, ಬೇಡ ಅನ್ನಲ್ಲ. ಆದರೆ ಸಿಮೆಂಟ್, ಕಬ್ಬಿಣ ಎಲ್ಲಾ ದೋಣಿಯಲ್ಲಿ ಬರಬೇಕು. ಜಾಗವೂ ಕಡಿಮೆ, ಕುಡಿಯುವ ನೀರೂ ಕಡಿಮೆ. ಇಷ್ಟು ಕಷ್ಟಪಟ್ಟು ಕಟ್ಟಿದ ಮನೆಯನ್ನು ಮರುವರ್ಷವೇ ಹೊರಗಿನವರು ಕೊಂಡು ಬೀಗ ಹಾಕಿದರೆ? ತಳ ಒಡೆದ ಕೊಡಕ್ಕೆ ನೀರು ತುಂಬಿದ ಹಾಗೆ. ಸ್ಕಾಟ್ಲೆಂಡ್‌ನ ಹಳ್ಳಿಗಳಲ್ಲಿ ಇದಕ್ಕೂ ಒಂದು ದಾರಿ ಮಾಡಿಕೊಂಡಿದ್ದಾರೆ. ಮನೆಯ ಪತ್ರದಲ್ಲೇ ಷರತ್ತು ಬರೆಸುತ್ತಾರೆ. ಮಾರುವಾಗ "ನೀವು ಕೊಳ್ಳುತ್ತೀರಾ?" ಅಂತ ಮೊದಲು ಅಲ್ಲಿನ ವಸತಿ ಸಂಸ್ಥೆಯನ್ನು ಕೇಳಬೇಕು. ಕಟ್ಟುವುದಾದರೆ ಅಂಥ ಷರತ್ತಿನ ಜೊತೆಗೇ ಕಟ್ಟಿ.

ಪ್ರವಾಸೋದ್ಯಮ ಸತ್ತುಹೋಗುತ್ತದೆ ಅಂತ ಮಾಲೀಕರ ಸಂಘ ಹೇಳುತ್ತದಂತೆ. ನಿಮ್ಮಲ್ಲೂ ಕೆಲವರಿಗೆ ಅಂಥ ಮನೆಗಳಿವೆ ಅಂತ ಊರಿಗೆಲ್ಲ ಗೊತ್ತು, ಅದಿರಲಿ. ಹೋಟೆಲ್‌ನಲ್ಲಿ ಹಾಸಿಗೆ ಮಡಚುವ ಹುಡುಗಿಗೇ ಇಲ್ಲಿ ಮಲಗಲು ಜಾಗ ಇಲ್ಲ. ಇನ್ನು ಪ್ರವಾಸಿಗರನ್ನು ನೋಡಿಕೊಳ್ಳುವವರು ಯಾರು? ಜರ್ಮನಿಯ ಸಿಲ್ಟ್ ದ್ವೀಪದಲ್ಲಿ ಕೆಲಸಗಾರರು ಆಚೆ ದಡದಿಂದ ದಿನಾ ರೈಲಿನಲ್ಲಿ ಬಂದು ಹೋಗುತ್ತಾರೆ. ಅವರಿಗೆ ರೈಲಾದರೂ ಇದೆ. ನಮಗಿರುವುದು ದೋಣಿ. ಗಾಳಿ ಎದ್ದರೆ ಅದೂ ಬಂದ್. ಅಂಥ ದಿನ ನಿಮ್ಮ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ, ಆಸ್ಪತ್ರೆಯಲ್ಲಿ ಇರಬೇಕಾದ ನರ್ಸ್ ಆಚೆ ದಡದಲ್ಲಿರುತ್ತಾಳೆ. ಬೆದರಿಕೆ ಅಲ್ಲ ಸ್ವಾಮಿ, ಪಾಳಿಯ ಪಟ್ಟಿ ನೋಡಿಯೇ ಹೇಳುತ್ತಿದ್ದೇನೆ. ಕೆಲಸ ಒಪ್ಪಿಕೊಂಡು ಬಂದ ಹೊಸ ಡಾಕ್ಟರ್ ಮನೆ ಸಿಗದೆ ವಾಪಸ್ ಹೋದದ್ದು ನಿಮಗೂ ಗೊತ್ತಿದೆ.

ಸಮಿತಿ ಮಾಡಿ ಮೂಗಿಗೆ ತುಪ್ಪ ಸವರಬೇಡಿ. ವಾಸ ಇರಿ, ಇಲ್ಲವೇ ವರ್ಷಪೂರ್ತಿ ಬಾಡಿಗೆಗೆ ಕೊಡಿ. ಇಷ್ಟೇ ನಿಯಮ. ಮೀರಿದವರಿಗೆ ದಂಡ ಹಾಕಿ. ಆ ದಂಡದ ದುಡ್ಡಿನಲ್ಲಿ ಷರತ್ತಿನ ಮನೆ ಕಟ್ಟಿ. ಮುಂದಿನ ಸಭೆಯಲ್ಲೇ ಇದನ್ನು ಮತಕ್ಕೆ ಹಾಕಿ. ಯಾರು ಕೈ ಎತ್ತಿದರು, ಯಾರು ಎತ್ತಲಿಲ್ಲ ಅನ್ನುವ ಪಟ್ಟಿಯನ್ನು ದೋಣಿ ಕಟ್ಟೆಯ ಬೋರ್ಡಿಗೆ ಅಂಟಿಸಿ. ಚುನಾವಣೆಗೆ ಮುಂಚೆ ನಾವೂ ಓದಿಕೊಳ್ಳಬೇಕು.

ಇಂತಿ,
ಸದ್ಯಕ್ಕೆ ನಿಮ್ಮ ಮತದಾರಳಾಗಿರುವ ಒಬ್ಬ ನರ್ಸ್