ಎಚ್‌ಎಎಲ್ ಮ್ಯೂಸಿಯಂ: ಮೊದಲು ಎಂಜಿನ್, ಆಮೇಲೆ ವಿಮಾನ

ಮಾನ್ಯರೇ,

ಶಾಲೆಗಳಿಗೆ ರಜೆ ಸಿಕ್ಕಿತೆಂದರೆ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ, ವಿಮಾನ ತಯಾರಿಸುವ ಸರ್ಕಾರಿ ಸಂಸ್ಥೆ ಎಚ್‌ಎಎಲ್‌ನ ಹೆರಿಟೇಜ್ ಸೆಂಟರ್ ಮತ್ತು ಏರೋಸ್ಪೇಸ್ ಮ್ಯೂಸಿಯಂಗೆ ಕುಟುಂಬ ಸಮೇತ ಬರುವವರು ಹೆಚ್ಚುತ್ತಾರೆ. ಬಹುತೇಕರು ಒಳಗೆ ಬಂದ ಕೂಡಲೇ ಬಯಲಿನಲ್ಲಿ ನಿಲ್ಲಿಸಿರುವ ವಿಮಾನಗಳ ಕಡೆ ಹೋಗಿ, ಒಂದೊಂದರ ಮುಂದೆಯೂ ಫೋಟೊ ತೆಗೆಸಿಕೊಂಡು, ಸಭಾಂಗಣಗಳಲ್ಲಿ ಒಂದು ಸುತ್ತು ಹಾಕಿ ಹೊರಟುಬಿಡುತ್ತಾರೆ. ಹಾಗೆ ನೋಡಿದವರಿಗೆ ಅಲ್ಲಿರುವುದು ಒಂದಕ್ಕೊಂದು ಸಂಬಂಧವಿಲ್ಲದ ಹಳೆಯ ವಿಮಾನಗಳ ಸಾಲು. ಅವುಗಳ ನಡುವಿನ ನಂಟು ಗೊತ್ತಾಗಬೇಕಾದರೆ ಕ್ರಮ ಬದಲಿಸಬೇಕು. ಮೊದಲು ಎಂಜಿನ್‌ಗಳ ಸಭಾಂಗಣ, ಆಮೇಲೆ ಬಯಲು, ಕೊನೆಗೆ ಚಿತ್ರಗಳ ಸಭಾಂಗಣ.

ಎಂಜಿನ್ ಸಭಾಂಗಣದಲ್ಲಿ ಹೊರಕವಚ ಕತ್ತರಿಸಿ ಒಳಭಾಗ ತೋರಿಸುವ ಮಾದರಿಗಳಿವೆ. ಆರ್ಫಿಯಸ್ ಎಂಬ ಜೆಟ್ ಎಂಜಿನ್ ಮುಂದೆ ಹತ್ತು ನಿಮಿಷ ನಿಲ್ಲಿ. ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ವಿನ್ಯಾಸವಿದು, ಲೈಸೆನ್ಸ್ ಪಡೆದು ಬೆಂಗಳೂರಿನಲ್ಲೇ ತಯಾರಿಸಿದ್ದು. ಇದರ ಮುಂಭಾಗದಲ್ಲಿ ಗಾಳಿಯನ್ನು ಅದುಮುವ ಏಳು ಹಂತದ ಕಂಪ್ರೆಸರ್, ನಡುವೆ ಇಂಧನ ಉರಿಯುವ ಭಾಗ, ಹಿಂದೆ ಬಿಸಿ ಅನಿಲದ ರಭಸಕ್ಕೆ ತಿರುಗುವ ಒಂದೇ ಹಂತದ ಟರ್ಬೈನ್. ಕಂಪ್ರೆಸರ್‌ನ ಅಲಗುಗಳು ಹಿಂದೆ ಹೋದಂತೆಲ್ಲ ಗಿಡ್ಡವಾಗುವುದನ್ನು ಮಕ್ಕಳಿಗೆ ತೋರಿಸಿ. ಪ್ರತಿ ಹಂತವೂ ಗಾಳಿಯನ್ನು ಇನ್ನಷ್ಟು ಅದುಮುತ್ತದೆ, ಅದುಮಿದ ಗಾಳಿಗೆ ಜಾಗ ಕಡಿಮೆ ಸಾಕು. ಕಂಪ್ರೆಸರ್‌ಗೆ ಏಳು ಹಂತ ಬೇಕಾದಾಗ ಟರ್ಬೈನ್‌ಗೆ ಒಂದೇ ಹಂತ ಹೇಗೆ ಸಾಲುತ್ತದೆ ಎಂದು ಹೈಸ್ಕೂಲಿನ ಮಕ್ಕಳು ಕೇಳಿಯೇ ಕೇಳುತ್ತಾರೆ. ಕಡಿಮೆ ಒತ್ತಡದಿಂದ ಹೆಚ್ಚಿನ ಒತ್ತಡದ ಕಡೆಗೆ ಗಾಳಿ ತಾನಾಗಿ ಹೋಗುವುದಿಲ್ಲ, ಸ್ವಲ್ಪ ಸ್ವಲ್ಪವಾಗಿಯೇ ತಳ್ಳಬೇಕು. ಒಂದೇ ಹಂತದಲ್ಲಿ ಜೋರು ಮಾಡಿದರೆ ಹರಿವು ಅಲಗಿನಿಂದ ಬಿಟ್ಟುಕೊಂಡು ಹಿಂದಕ್ಕೆ ನುಗ್ಗುತ್ತದೆ. ಟರ್ಬೈನ್‌ನಲ್ಲಿ ಹಾಗಲ್ಲ. ಬಿಸಿ ಅನಿಲ ತಾನೇ ಹಿಗ್ಗುತ್ತಾ ಹೊರಗೆ ಧಾವಿಸುತ್ತಿರುವುದರಿಂದ ಒಂದೇ ಹಂತದಲ್ಲಿ ಬೇಕಾದಷ್ಟು ಶಕ್ತಿ ಹಿಂಡಬಹುದು. ಆ ಶಕ್ತಿಯಿಂದಲೇ, ಅದೇ ಶಾಫ್ಟ್‌ನ ಮೇಲಿರುವ ಕಂಪ್ರೆಸರ್ ತಿರುಗುತ್ತದೆ.

ಅಲ್ಲೇ ಡಾರ್ನಿಯರ್ ವಿಮಾನದ ಪ್ರೊಪೆಲ್ಲರ್ ತಿರುಗಿಸುವ ಗ್ಯಾರೆಟ್ ಟರ್ಬೊಪ್ರಾಪ್ ಎಂಜಿನ್ ಇದೆ, 715 ಅಶ್ವಶಕ್ತಿಯದು. ಅದರ ಮುಂಭಾಗದ ಗೇರ್‌ಬಾಕ್ಸ್ ನೋಡಿ. ಒಳಗಿನ ಶಾಫ್ಟ್ ನಿಮಿಷಕ್ಕೆ 40,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಪ್ರೊಪೆಲ್ಲರ್ ಆ ವೇಗದಲ್ಲಿ ತಿರುಗಿದರೆ ಅದರ ತುದಿಗಳು ಶಬ್ದದ ವೇಗವನ್ನು ಎಷ್ಟೋ ಮೀರಿ, ನೂಕುವ ಬಲವೇ ಹೋಗುತ್ತದೆ. ಆದ್ದರಿಂದ ಗೇರ್‌ಗಳು ಅದನ್ನು ಸುಮಾರು 1,600 ಸುತ್ತಿಗೆ ಇಳಿಸುತ್ತವೆ.

ಇಷ್ಟು ನೋಡಿ ಬಯಲಿಗೆ ಬಂದರೆ ಮಕ್ಕಳಿಗೆ ಒಂದು ಕೆಲಸ ಕೊಡಬಹುದು: ಆರ್ಫಿಯಸ್ ಯಾವ ಯಾವ ವಿಮಾನದಲ್ಲಿದೆ ಹುಡುಕಿ. ಅಜೀತ್ ಯುದ್ಧವಿಮಾನದಲ್ಲಿ ಒಂದು. ಕಿರಣ್ ತರಬೇತಿ ವಿಮಾನದ ಎರಡನೇ ಆವೃತ್ತಿ ಮಾರ್ಕ್ 2ರಲ್ಲಿ ಒಂದು (ಮಾರ್ಕ್ 1ರಲ್ಲಿ ಇದ್ದದ್ದು ವೈಪರ್ ಎಂಬ ಬೇರೆ ಎಂಜಿನ್). ಮಾರುತ್ ಯುದ್ಧವಿಮಾನದಲ್ಲಿ ಅಕ್ಕಪಕ್ಕ ಎರಡು. ಒಂದೇ ಎಂಜಿನ್ ಸುತ್ತ ಈ ಊರಿನ ಎಂಜಿನಿಯರುಗಳು ಎಷ್ಟು ಬಗೆಯ ವಿಮಾನ ಕಟ್ಟಿದರು ಎಂಬುದು ಹೀಗೆ ಹುಡುಕುವಾಗ ಕಣ್ಣಿಗೆ ಕಾಣುತ್ತದೆ.

ಅಜೀತ್ 1975ರ ಮಾರ್ಚ್ 5ರಂದು ಮೊದಲು ಹಾರಿತು. ಅದರ ಮೂಲ, 1965ರ ಯುದ್ಧದಲ್ಲಿ ಹೆಸರಾದ ನ್ಯಾಟ್ ಯುದ್ಧವಿಮಾನ. ನ್ಯಾಟ್ ಎಷ್ಟು ಪುಟ್ಟದೆಂದರೆ ರೆಕ್ಕೆಯ ಒಂದು ತುದಿಯಿಂದ ಇನ್ನೊಂದಕ್ಕೆ ಏಳು ಮೀಟರ್ ಕೂಡ ಇಲ್ಲ. ಹೆಚ್ಚಿಗೆ ಇಂಧನ ಬೇಕಾದರೆ ರೆಕ್ಕೆಯಡಿ ಟ್ಯಾಂಕ್ ನೇತುಹಾಕಬೇಕಿತ್ತು, ಆಗ ಬಾಂಬಿಗೆ ಜಾಗ ಉಳಿಯುತ್ತಿರಲಿಲ್ಲ. ಅಜೀತ್‌ನಲ್ಲಿ ರೆಕ್ಕೆಯನ್ನೇ ಟ್ಯಾಂಕ್ ಮಾಡಿದರು. ರೆಕ್ಕೆಯಡಿ ತೂಗುಹಾಕುವ ಕೊಂಡಿಗಳು ಎರಡರ ಬದಲು ನಾಲ್ಕಿವೆ, ಬಗ್ಗಿ ಎಣಿಸಿ. ಚಕ್ರದ ಬಾಗಿಲುಗಳನ್ನೂ ಗಮನಿಸಿ. ಆಕಾಶದಲ್ಲಿ ವೇಗ ಇಳಿಸಲು ಬೇರೆ ಬ್ರೇಕ್ ಇಡುವಷ್ಟು ಜಾಗವಿಲ್ಲದ್ದರಿಂದ ಇವನ್ನೇ ಅರ್ಧ ತೆರೆದು ಏರ್‌ಬ್ರೇಕ್ ಆಗಿ ಬಳಸುತ್ತಿದ್ದರು.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಎಚ್‌ಎಫ್-24 ಮಾರುತ್ ಬಳಿ. ಭಾರತದಲ್ಲೇ ವಿನ್ಯಾಸಗೊಂಡ ಮೊದಲ ಜೆಟ್ ಯುದ್ಧವಿಮಾನ ಇದು. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಇಲ್ಲಿನ ತಂಡದ ಜೊತೆ ರೂಪಿಸಿದ್ದು. 1959ರಲ್ಲಿ ಇದೇ ಅಳತೆಯ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನಕ್ಕೆ ಕಟ್ಟಿ ಮೇಲಕ್ಕೆಳೆದು ಹಾರಿಸಿ ಪರೀಕ್ಷಿಸಿದರು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಇದನ್ನು ಎಚ್‌ಎಎಲ್ ರನ್‌ವೇಯಿಂದಲೇ ಮೊದಲ ಸಲ ಹಾರಿಸಿದರು. ನಲವತ್ತು ವರ್ಷದ ಬಳಿಕ, 2001ರ ಜನವರಿ 4ರಂದು ತೇಜಸ್ ಮೊದಲು ಮೇಲೇರಿದ್ದೂ ಇಲ್ಲಿಂದಲೇ.

ಮಾರುತ್‌ನ ಪಕ್ಕದಲ್ಲಿ ನಿಂತು ಅದರ ಮೈಯನ್ನು ಉದ್ದಕ್ಕೂ ನೋಡಿ. ರೆಕ್ಕೆ ಸೇರುವ ಜಾಗದಲ್ಲಿ ಸೊಂಟ ಒಳಸರಿದಿದೆ. ಶಬ್ದದ ವೇಗದ ಹತ್ತಿರ ಹೋಗುವಾಗ ಮೈ ಮತ್ತು ರೆಕ್ಕೆ ಸೇರಿ ಒಟ್ಟು ಅಡ್ಡಳತೆ ಥಟ್ಟನೆ ಹೆಚ್ಚಾದರೆ ಗಾಳಿಯ ಎಳೆತ ವಿಪರೀತ ಏರುತ್ತದೆ. ಅದಕ್ಕೇ ರೆಕ್ಕೆ ಸೇರಿದಷ್ಟು ಮೈಯನ್ನು ಸಣ್ಣದು ಮಾಡಿದ್ದಾರೆ. ಇನ್ನು ಕಾಕ್‌ಪಿಟ್‌ನ ಎರಡೂ ಬದಿಯ ಗಾಳಿಬಾಯಿಗಳಲ್ಲಿ ಅರ್ಧ ಶಂಕುವಿನಾಕಾರದ ಉಬ್ಬು ಕಾಣುತ್ತದೆ. ಶಬ್ದಾತೀತ ವೇಗದಲ್ಲಿ ಬರುವ ಗಾಳಿಯನ್ನು ಎಂಜಿನ್ನಿಗೆ ತಲುಪುವ ಮೊದಲೇ ನಿಧಾನಗೊಳಿಸಲು ಅದು ಬೇಕು. ಪಕ್ಕದ ಮಿಗ್-21ರ ಮೂಗಿನಲ್ಲಿರುವ ಪೂರ್ತಿ ಶಂಕುವಿನ ಕೆಲಸವೂ ಅದೇ, ಅದು ವೇಗಕ್ಕೆ ತಕ್ಕಂತೆ ಹಿಂದೆ ಮುಂದೆ ಸರಿಯುತ್ತದೆ.

ನೋವಿನ ಸಂಗತಿಯೆಂದರೆ, ಮಾರುತ್‌ನ ಆ ಗಾಳಿಬಾಯಿ ಕಾದದ್ದು ಬಾರದೇ ಹೋದ ಎಂಜಿನ್ನಿಗಾಗಿ. ವಿನ್ಯಾಸ ಮಾಡಿದ್ದು ಶಬ್ದದ ಎರಡು ಪಟ್ಟು ವೇಗದ ಗುರಿಯಿಟ್ಟು, ಆಫ್ಟರ್‌ಬರ್ನರ್ (ಹಿಂಭಾಗದಲ್ಲಿ ಮತ್ತಷ್ಟು ಇಂಧನ ಉರಿಸಿ ನೂಕುಬಲ ಹೆಚ್ಚಿಸುವ ಭಾಗ) ಇರುವ ಆರ್ಫಿಯಸ್ 12 ಎಂಬ ಎಂಜಿನ್ ನಂಬಿ. ಅದರ ನೂಕುಬಲ ಸುಮಾರು 3,700 ಕಿಲೊ. ಬ್ರಿಟನ್ ಆ ಯೋಜನೆ ಕೈಬಿಟ್ಟಿತು, ಅದನ್ನು ಮುಗಿಸಲು ಬೇಕಾದ ಹಣವನ್ನು ಭಾರತವೂ ಕೊಡಲಿಲ್ಲ. ಸುಮಾರು 2,200 ಕಿಲೊ ನೂಕುಬಲದ ಆರ್ಫಿಯಸ್ 703ರಲ್ಲೇ ತೃಪ್ತಿಪಡಬೇಕಾಯಿತು. ಅದಕ್ಕೆ ಆಫ್ಟರ್‌ಬರ್ನರ್ ಜೋಡಿಸುವ ಪ್ರಯತ್ನ ನಡೆಯಿತು. ಅಂಥ ಒಂದು ಮಾರುತ್‌ನ ಪರೀಕ್ಷಾ ಹಾರಾಟದಲ್ಲೇ 1970ರ ಜನವರಿ 10ರಂದು ಸುರಂಜನ್ ದಾಸ್ ಪ್ರಾಣ ಕಳೆದುಕೊಂಡರು. ಇಷ್ಟಾದರೂ 147 ಮಾರುತ್‌ಗಳು ತಯಾರಾದವು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು. ಪೆಟ್ಟು ತಿಂದು ಒಂದೇ ಎಂಜಿನ್ನಿನಲ್ಲಿ ಮರಳಿ ಬಂದದ್ದೂ ಉಂಟು. ಎರಡು ಎಂಜಿನ್ ಇಟ್ಟದ್ದಕ್ಕೆ ಆಗ ಬೆಲೆ ಗೊತ್ತಾಯಿತು.

ಮೆಟ್ರೊದಲ್ಲಿ ಬರುವವರು ಬೈಯಪ್ಪನಹಳ್ಳಿಯಲ್ಲಿ ಇಳಿದು ಆಟೊ ಹಿಡಿದರೆ ಸಾಗುವುದು ಸುರಂಜನ್ ದಾಸ್ ರಸ್ತೆಯಲ್ಲೇ. ಆ ಹೆಸರು ಯಾರದೆಂದು ದಾರಿಯಲ್ಲೇ ಮಕ್ಕಳಿಗೆ ಹೇಳಿ. ಮೆಜೆಸ್ಟಿಕ್‌ನಿಂದ ಬಸ್ಸಾದರೆ ದೊಮ್ಮಲೂರು ಮೇಲೆ ಹೋಗುವ 335ಇ ಸರಣಿ, ಮಾರತ್ತಹಳ್ಳಿಗೆ ಮೊದಲೇ ಇಳಿಯಬೇಕು. ಸಮಯ, ವಾರದ ರಜೆ, ಟಿಕೆಟ್ ದರ ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ಖಚಿತಪಡಿಸಿಕೊಳ್ಳಿ. ವಿಮಾನ ಹಾರಿಸುವ ಅನುಭವ ಕೊಡುವ ಸಿಮ್ಯುಲೇಟರ್ ಆ ದಿನ ನಡೆಯುತ್ತಿದೆಯೇ ಎಂದು ಕೌಂಟರಿನಲ್ಲೇ ಕೇಳಿಕೊಂಡರೆ ಮಕ್ಕಳಿಗೆ ನಿರಾಸೆ ತಪ್ಪುತ್ತದೆ.

ಬಿಸಿಲೇರುವ ಮೊದಲೇ ಬಯಲು ಮುಗಿಸುವಂತೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಬನ್ನಿ. ಬೇಸಿಗೆಯಲ್ಲಿ ಮಧ್ಯಾಹ್ನ ಆ ಅಲ್ಯುಮಿನಿಯಂ ಮೈ ಕೈ ಇಡಲಾಗದಷ್ಟು ಕಾಯುತ್ತದೆ. ಚಿತ್ರಗಳ ಸಭಾಂಗಣಕ್ಕೆ ಮಧ್ಯಾಹ್ನ ಸರಿ. 1940ರಿಂದ ಈಚೆಗೆ ದಶಕವಾರು ಜೋಡಿಸಿದ್ದಾರೆ: ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ಕಾರ್ಖಾನೆ ಹಾಕಿದ್ದು, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಮಾನಗಳು ಇಲ್ಲಿ ದುರಸ್ತಿಗೆ ಬಂದದ್ದು, ಯುದ್ಧ ಮುಗಿದ ಮೇಲೆ ಕೆಲಸಗಾರರ ಕೈ ಖಾಲಿಯಾಗದಂತೆ ರೈಲು ಬೋಗಿ ಕಟ್ಟಿದ್ದು, ಡಾ. ವಿ.ಎಂ. ಘಾಟಗೆ ಅವರ ತಂಡದ ತರಬೇತಿ ವಿಮಾನ ಎಚ್‌ಟಿ-2 1951ರಲ್ಲಿ ಹಾರಿದ್ದು. ಆ ದಿನಗಳಲ್ಲಿ ನೀರಿನ ಮೇಲೂ ಇಳಿಯಬಲ್ಲ ಕಟಾಲಿನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ.

ಪೋಷಕರಲ್ಲಿ ಒಂದು ಕಳಕಳಿಯ ಮನವಿ. ಫೋಟೊಗಾಗಿ ಮಗುವನ್ನು ರೆಕ್ಕೆಯ ಮೇಲೆ ಕೂರಿಸಬೇಡಿ, ರೆಕ್ಕೆಯ ಹಿಂಬದಿಯ ಅಂಚು ಹಿಡಿದು ಜೋತುಬೀಳಲು ಬಿಡಬೇಡಿ. ಆ ಅಂಚು ಕೀಲಿನ ಮೇಲೆ ಚಲಿಸುವ ಭಾಗ. ಕೀಲು ಒಮ್ಮೆ ಬಾಗಿದರೆ ಬಿಡಿಭಾಗ ಎಲ್ಲೂ ಸಿಗದು, ಯಾಕೆಂದರೆ ಅದನ್ನು ತಯಾರಿಸುವ ಸಲಕರಣೆಯೇ ಉಳಿದಿರುವುದಿಲ್ಲ. ಮುಂದೆ ಚಾಚಿರುವ ತೆಳು ಕೊಳವೆ ವೇಗ ಅಳೆಯುವ ಪಿಟೋ ಟ್ಯೂಬ್, ಸಣ್ಣ ಕೈ ಎಳೆದರೂ ಬಗ್ಗುತ್ತದೆ.

ಬಯಲಿನ ವಿಮಾನಗಳಿಗೆ ನಿಜವಾದ ಶತ್ರು ನಮ್ಮ ಬಿಸಿಲು ಮತ್ತು ಮಳೆ. ನೀರು ಒಳಗೆ ನಿಂತರೆ, ಅಲ್ಯುಮಿನಿಯಂ ಹಾಳೆ ಉಕ್ಕಿನ ಬೋಲ್ಟಿಗೆ ತಾಗುವಲ್ಲಿ ಅಲ್ಯುಮಿನಿಯಂ ಕರಗುತ್ತಾ ಬರುತ್ತದೆ. ರಿವೆಟ್ ಸುತ್ತ ಬಿಳಿ ಪುಡಿ ಕಂಡರೆ ಅದರ ಗುರುತು. ಕಾಕ್‌ಪಿಟ್ ಮುಚ್ಚಿದ ಪಾರದರ್ಶಕ ಹಾಳೆ ಬಿಸಿಲಿಗೆ ನವಿರು ಬಿರುಕು ಬಿಟ್ಟು ಮಂಜಾಗುತ್ತದೆ, ಮತ್ತೆ ಉಜ್ಜಿ ಸರಿಪಡಿಸಲಾಗದು. ಮಳೆಗಾಲಕ್ಕೆ ಮುನ್ನ ಹೊಟ್ಟೆಯಡಿಯ ನೀರು ಹೋಗುವ ರಂಧ್ರಗಳನ್ನು ಶುಚಿ ಮಾಡುವುದು, ಕಾಕ್‌ಪಿಟ್‌ಗೆ ಹೊದಿಕೆ ಹಾಕುವುದು ದೊಡ್ಡ ಖರ್ಚಿನ ಕೆಲಸವಲ್ಲ. ಮಾರುತ್ ಮತ್ತು ಎಚ್‌ಟಿ-2ಕ್ಕೆ, ಸುತ್ತಲೂ ಗಾಳಿಯಾಡುವ ಎತ್ತರದ ಚಾವಣಿ ಹಾಕಿಸಲು ಎಚ್‌ಎಎಲ್ ಮತ್ತು ರಾಜ್ಯದ ಪ್ರವಾಸೋದ್ಯಮ ಇಲಾಖೆ ಸೇರಿ ಯೋಚಿಸಬೇಕು. ಅದರ ಜೊತೆಗೆ, ಆರ್ಫಿಯಸ್‌ನಿಂದ ಹೊರಟು ಅಜೀತ್, ಕಿರಣ್, ಮಾರುತ್ ತನಕ ಕರೆದೊಯ್ಯುವ ಎರಡು ಪುಟದ ಕನ್ನಡ ಕೈಪಿಡಿಯನ್ನು ಟಿಕೆಟ್ ಜೊತೆ ಕೊಟ್ಟರೆ ಹಳ್ಳಿ ಶಾಲೆಗಳಿಂದ ಪ್ರವಾಸ ಬರುವ ಶಿಕ್ಷಕರಿಗೂ ತುಂಬ ಅನುಕೂಲ.

– ವಿಮಾನ ಇತಿಹಾಸದ ಕೆಲವು ಆಸಕ್ತರು, ಬೆಂಗಳೂರು